ಒಂದು ತಂತಿ, ಎರಡು ದನಿ: ಗಿಟಾರಿನ ಕಾಲಡಿಯ ಆಕ್ಟೇವ್ ಪೆಟ್ಟಿಗೆಯ ಕಥೆ

ಊರಿನ ಭಜನೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಒಂದೇ ಪದ ಹಾಡುವಾಗ ಸ್ವಲ್ಪ ಕಿವಿಗೊಟ್ಟು ಕೇಳಿ. ಎಲ್ಲರೂ ಒಂದೇ ಸ್ವರ ಹಿಡಿದಿದ್ದಾರೆ ಅನ್ನಿಸುತ್ತದೆ. ನಿಜವಾಗಿ ಗಂಡಸರ ದನಿ ಕೆಳಗಿನ ಸ್ಥಾಯಿಯಲ್ಲಿ ಹೋಗುತ್ತಿರುತ್ತದೆ, ಹೆಂಗಸರು ಮತ್ತು ಮಕ್ಕಳದ್ದು ಅದರ ಮೇಲಿನ ಸ್ಥಾಯಿಯಲ್ಲಿ. ಆದರೂ ಅಪಸ್ವರ ಇಲ್ಲ. ಕೆಳಗಿನ ಸ ಕೂಡ ಸ, ಮೇಲಿನ ಸ ಕೂಡ ಸ. ಸಂಗೀತ ಕಲಿಯದವರ ಕಿವಿಗೂ ಅವೆರಡು ಒಂದೇ ಮನೆಯವು ಅಂತ ಗೊತ್ತಾಗಿಬಿಡುತ್ತದೆ.

ಇದರ ಹಿಂದಿನ ಲೆಕ್ಕ ಸುಲಭ. ಗಿಟಾರಿನ ಐದನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದೇ ಸ್ವರ ಒಂದು ಸ್ಥಾಯಿ ಮೇಲೆ ಬೇಕೆಂದರೆ 220 ಕಂಪನ, ಕೆಳಗೆ ಬೇಕೆಂದರೆ 55. ಮೇಲೆ ಹೋದರೆ ದುಪ್ಪಟ್ಟು, ಕೆಳಗಿಳಿದರೆ ಅರ್ಧ, ಅಷ್ಟೆ. ನಾವು ಸ್ಥಾಯಿ ಅನ್ನುವುದನ್ನು ಪಾಶ್ಚಾತ್ಯರು ಆಕ್ಟೇವ್ ಅನ್ನುತ್ತಾರೆ. ಸ ದಿಂದ ಎಣಿಸುತ್ತಾ ಹೋದರೆ ಎಂಟನೆಯದಾಗಿ ಮತ್ತೆ ಸ ಸಿಗುತ್ತದಲ್ಲ, ಆ ಎಂಟರಿಂದ ಬಂದ ಹೆಸರು ಅದು.

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಲೋಹದ ಡಬ್ಬಿಗಳನ್ನು ನೀವು ನೋಡಿರಬಹುದು. ಅವಕ್ಕೆ ಪೆಡಲ್ ಎನ್ನುತ್ತಾರೆ. ಅವುಗಳಲ್ಲಿ ಒಂದರ ಕೆಲಸ ಈ ದುಪ್ಪಟ್ಟು ಮಾಡುವುದು, ಅರ್ಧ ಮಾಡುವುದು. ಒಂದು ತಂತಿ ಮೀಟಿದರೆ ಎರಡು ದನಿ ಹೊರಡುತ್ತದೆ. ಒಬ್ಬ ನುಡಿಸಿದರೆ ಇಬ್ಬರು ನುಡಿಸಿದಂತೆ ಕೇಳುತ್ತದೆ.

ಹಾಗಾದರೆ ಆ ಎರಡನೆಯವನ ಗತಿ ಏನು? ಒಂದು ಕೀಬೋರ್ಡ್ ಬಂದು ಮೂರ್ನಾಲ್ಕು ವಾದ್ಯದವರ ಜಾಗ ಹಿಡಿದದ್ದನ್ನು ನಮ್ಮ ಜಾತ್ರೆಯ ಆರ್ಕೆಸ್ಟ್ರಾ ವೇದಿಕೆಗಳಲ್ಲೇ ಕಂಡವರು ನಾವು. ಹಾಗಾಗಿ ಈ ಪೆಟ್ಟಿಗೆಯ ಚರಿತ್ರೆ ಓದುವಾಗಲೂ ನಮ್ಮ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಅದೇ.

ಪೆಟ್ಟಿಗೆ ಇಲ್ಲದ ಕಾಲದಿಂದ ಶುರು ಮಾಡೋಣ. ಒಂದೇ ಕೈಯಲ್ಲಿ ಎರಡು ಸ್ಥಾಯಿ ಕೇಳಿಸಬೇಕೆಂಬ ಆಸೆ ಹಳೆಯದು. ನಮ್ಮ ಹಾರ್ಮೋನಿಯಂನಲ್ಲೇ ನೋಡಿ. ಕೆಲವು ಪೆಟ್ಟಿಗೆಗಳಲ್ಲಿ ಕಪ್ಲರ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ಹಾಕಿಕೊಂಡು ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಅದೇ ಸ್ವರದ ಮನೆ ತಾನಾಗಿ ಕೆಳಗಿಳಿಯುತ್ತದೆ, ದೆವ್ವ ಒತ್ತಿದ ಹಾಗೆ. ಒಳಗೆ ಇರುವುದು ಸಣ್ಣ ಸನ್ನೆಕೋಲು ಮಾತ್ರ. ಬೆರಳಿಗೆ ಸ್ವಲ್ಪ ಭಾರ ಹೆಚ್ಚು, ದನಿ ಮಾತ್ರ ತುಂಬಿಕೊಂಡು ಬರುತ್ತದೆ. ಹನ್ನೆರಡು ತಂತಿಯ ಗಿಟಾರಿನದ್ದೂ ಅದೇ ಉಪಾಯ. ತಂತಿಗಳು ಜೋಡಿ ಜೋಡಿಯಾಗಿರುತ್ತವೆ, ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸ್ಥಾಯಿ ಮೇಲೆ.

ಅಮೆರಿಕದ ಇಂಡಿಯಾನಾಪೊಲಿಸ್ ಊರಿನ ವೆಸ್ ಮಾಂಟ್‌ಗೊಮರಿ ಇದನ್ನು ಬರಿಗೈಯಲ್ಲೇ ಮಾಡಿದ. ಹಗಲು ಕಾರ್ಖಾನೆ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಜಾಸ್ ಸಂಗೀತ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೆತ್ತಗೆ ಮೀಟುವುದನ್ನು ರೂಢಿಸಿಕೊಂಡ ಎನ್ನುತ್ತಾರೆ. ಒಂದೇ ಸ್ವರವನ್ನು ಎರಡು ತಂತಿಗಳ ಮೇಲೆ ಎರಡು ಸ್ಥಾಯಿಯಲ್ಲಿ ಹಿಡಿದು, ನಡುವಿನ ತಂತಿಯನ್ನು ಬೆರಳಿನಿಂದಲೇ ಸುಮ್ಮನಾಗಿಸಿ, ಇಡೀ ಹಾಡನ್ನು ಓಡಿಸುತ್ತಿದ್ದ. ಬೇರೆಯವರು ಒಂದು ತಂತಿಯಲ್ಲಿ ಏದುಸಿರು ಬಿಡುವ ವೇಗದಲ್ಲಿ ಈತ ಎರಡರಲ್ಲಿ ನಡೆಯುತ್ತಿದ್ದ. 1968ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡ.

ಲೆಸ್ ಪಾಲ್ ಎಂಬ ಇನ್ನೊಬ್ಬ ಗಿಟಾರ್ ವಾದಕನದ್ದು ಕಳ್ಳದಾರಿ. 1948ರಲ್ಲಿ ಬಂದ 'ಲವರ್' ಎಂಬ ಧ್ವನಿಮುದ್ರಿಕೆಯಲ್ಲಿ ಗಿಟಾರಿನ ಎಲ್ಲಾ ಭಾಗಗಳನ್ನೂ ತಾನೊಬ್ಬನೇ ಒಂದರ ಮೇಲೊಂದು ನುಡಿಸಿ ಸೇರಿಸಿದ. ಕೆಲವು ಭಾಗಗಳನ್ನು ಅರ್ಧ ವೇಗದಲ್ಲಿ ಮುದ್ರಿಸಿ, ಕೇಳಿಸುವಾಗ ಪೂರ್ತಿ ವೇಗದಲ್ಲಿ ಓಡಿಸಿದ. ವೇಗ ದುಪ್ಪಟ್ಟಾದರೆ ಕಂಪನವೂ ದುಪ್ಪಟ್ಟು, ಸ್ವರ ಒಂದು ಸ್ಥಾಯಿ ಮೇಲೆ. ಟೇಪ್ ರೆಕಾರ್ಡರ್ ಕಾಲದವರಿಗೆ ಇದು ಗೊತ್ತು. ಕ್ಯಾಸೆಟ್ ವೇಗವಾಗಿ ಓಡಿದರೆ ಭಾಗವತರ ದನಿಯೂ ಮಗುವಿನ ದನಿಯಾಗುತ್ತದೆ. ಆದರೆ ಇದು ಸ್ಟುಡಿಯೋದಲ್ಲಿ ಮಾತ್ರ ನಡೆಯುವ ಆಟ, ಜನರ ಮುಂದೆ ನಿಂತು ನುಡಿಸುವಾಗ ಆಗದು.

ಜನರ ಮುಂದೆ ಆಗುವಂತೆ ಮಾಡಿದ್ದು ನೌಕಾಪಡೆಯ ಕೆಲಸದಲ್ಲಿದ್ದ ಒಬ್ಬ ಹುಡುಗ.

ಹೆಸರು ರೋಜರ್ ಮೇಯರ್. ಬ್ರಿಟಿಷ್ ನೌಕಾಪಡೆಯ ಸಂಶೋಧನಾ ವಿಭಾಗದಲ್ಲಿ ಸದ್ದು ಮತ್ತು ಕಂಪನದ ಅಧ್ಯಯನ ಆತನ ಕೆಲಸ. ನೀರಿನಡಿಯ ಯುದ್ಧದಲ್ಲಿ ಸದ್ದೇ ಎಲ್ಲ. ಸದ್ದು ಮಾಡಿದ ಜಲಾಂತರ್ಗಾಮಿ ಸಿಕ್ಕಿಬಿದ್ದಂತೆ. ಹಗಲು ಸದ್ದು ಅಡಗಿಸುವ ವಿದ್ಯೆ ಕಲಿಯುತ್ತಿದ್ದವನು ಬಿಡುವಿನಲ್ಲಿ ಗಿಟಾರಿನ ಸದ್ದು ಹೆಚ್ಚಿಸುವ, ಕೆಡಿಸುವ, ತಿರುಚುವ ಡಬ್ಬಿಗಳನ್ನು ಕಟ್ಟುತ್ತಿದ್ದ. ಜಿಮ್ಮಿ ಪೇಜ್, ಜೆಫ್ ಬೆಕ್ ಇವರೆಲ್ಲ ಆಗಲೇ ಆತನ ಗೆಳೆಯರು.

1967ರ ಜನವರಿಯಲ್ಲಿ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸುವುದನ್ನು ಕೇಳಿ ಮೇಯರ್ ಹೋಗಿ ಮಾತಾಡಿಸಿದ. ಹೆಂಡ್ರಿಕ್ಸ್ ಅಮೆರಿಕದಿಂದ ಬಂದು ಕೆಲವೇ ತಿಂಗಳಾಗಿತ್ತು. ಮೇಯರ್ ತನ್ನ ಹೊಸ ಡಬ್ಬಿಯ ಬಗ್ಗೆ ಹೇಳಿದ. ಅದರ ಹೆಸರು ಆಕ್ಟೇವಿಯಾ. ಫೆಬ್ರವರಿ ಮೊದಲ ವಾರದಲ್ಲೇ ಅದು ಸ್ಟುಡಿಯೋ ಸೇರಿತು. 'ಪರ್ಪಲ್ ಹೇಜ್' ಹಾಡಿನ ನಡುವಿನ ಗಿಟಾರ್ ಭಾಗದಲ್ಲಿ ಕೇಳಿಸುವ, ತಂತಿಗಿಂತ ಮೇಲೆ ಎಲ್ಲೋ ಕೊಳಲು ಸೀಳಿದಂತಿರುವ ದನಿ ಇದೇ ಪೆಟ್ಟಿಗೆಯದು. ಹಾಡು ಮಾರ್ಚಿನಲ್ಲಿ ಬಿಡುಗಡೆಯಾಯಿತು.

ಈ ಪೆಟ್ಟಿಗೆಯ ಒಳಗೇನಿದೆ? ಇಲ್ಲಿ ಓದುಗರಲ್ಲಿ ರೇಡಿಯೋ ರಿಪೇರಿ ಬಲ್ಲವರಿದ್ದರೆ ನಗು ಬರಬಹುದು. ಹಳೆಯ ಬ್ಯಾಟರಿ ಎಲಿಮಿನೇಟರ್ ಬಿಚ್ಚಿ ನೋಡಿ. ಒಂದು ಟ್ರಾನ್ಸ್‌ಫಾರ್ಮರ್, ಅದರ ಸುರುಳಿಯ ನಟ್ಟನಡುವೆ ಒಂದು ವಯರು, ಎರಡು ತುದಿಗೆ ಎರಡು ಡಯೋಡ್. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ತೂಗುತ್ತದೆ. ಡಯೋಡ್‌ಗಳು ಕೆಳಗಿಳಿದ ಅರ್ಧವನ್ನು ಮಡಚಿ ಮೇಲಕ್ಕೆ ತಿರುಗಿಸುತ್ತವೆ. ಒಂದು ಉಬ್ಬು ಒಂದು ತಗ್ಗು ಇದ್ದಲ್ಲಿ ಈಗ ಎರಡು ಉಬ್ಬು. ಹಾಗಾಗಿ ಕೆಪಾಸಿಟರ್ ಸೋತ ಎಲಿಮಿನೇಟರ್ ಹಾಕಿದರೆ ರೇಡಿಯೋ 'ಹುಂ' ಎಂದು ಗುಂಯ್‌ಗುಡುತ್ತದಲ್ಲ, ಆ ಸದ್ದು 50ರದ್ದಲ್ಲ, 100ರದ್ದು. ಸರಿಯಾಗಿ ಒಂದು ಸ್ಥಾಯಿ ಮೇಲೆ! ಆಕ್ಟೇವಿಯಾ ಮಾಡುವುದೂ ಇದನ್ನೇ, ಕರೆಂಟಿನ ಬದಲು ಗಿಟಾರಿನ ಅಲೆಗೆ. ತಂತಿಯ 220 ಒಳಗೆ ಹೋಗಿ 440 ಆಗಿ ಹೊರಬರುತ್ತದೆ.

ಲೋಕದಲ್ಲೆಲ್ಲ ಡೋಲಾಯಮಾನ ಕರೆಂಟನ್ನು ನೇರ ಮಾಡಲು ಬಳಸುತ್ತಿದ್ದ ಉಪಾಯವನ್ನು ಸಂಗೀತಕ್ಕೆ ತಿರುಗಿಸಿದ್ದು ದೊಡ್ಡ ಸಂಗತಿ ಎಂದೇ ನಮಗನ್ನಿಸುತ್ತದೆ.

ಆದರೆ ಪೆಟ್ಟಿಗೆಗೆ ಮೂಗಿನ ತುದಿಯಲ್ಲಿ ಕೋಪ. ಒಂದು ಸಲಕ್ಕೆ ಒಂದೇ ತಂತಿ ಮೀಟಬೇಕು. ಎರಡು ಮೀಟಿದರೆ ಎರಡರ ಅಲೆಗಳೂ ಸೇರಿ ಮಡಚಿ, ತಗಡಿನ ಮೇಲೆ ಜಲ್ಲಿ ಸುರಿದಂತಹ ಸದ್ದು. ಗಿಟಾರಿನ ಕುತ್ತಿಗೆಯ ಕೆಳಭಾಗದಲ್ಲಿ, ಹನ್ನೆರಡನೇ ಮನೆಯ ಆಸುಪಾಸಿನಲ್ಲಿ ನುಡಿಸಿದರೆ ಮೇಲಿನ ದನಿ ಚೆನ್ನಾಗಿ ಕೇಳುತ್ತದೆ. ದಪ್ಪ ತಂತಿಯಲ್ಲಿ ಬರೀ ಗರಗರ. ದನಿಯ ಚೂಪು ತಗ್ಗಿಸಿ, ಕುತ್ತಿಗೆ ಬಳಿಯ ಪಿಕಪ್ ಇಟ್ಟುಕೊಂಡರೆ ಇನ್ನೂ ಶುದ್ಧ. ಪೆಟ್ಟಿಗೆ ಬಂದು ಕೈಗೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೆರಳು ಒಂಚೂರು ಜಾರಿದರೂ ಎಲ್ಲರಿಗೂ ಕೇಳಿಸಿಬಿಡುತ್ತದೆ.

ಹೆಂಡ್ರಿಕ್ಸ್ ಆ ಗರಗರವನ್ನೂ ಬಿಡಲಿಲ್ಲ. 1970ರ ಜನವರಿ 1ರಂದು ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಆತ ನುಡಿಸಿದ 'ಮೆಷಿನ್ ಗನ್' ಕೇಳಿದವರಿಗೆ ಇದು ಗೊತ್ತು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಹೆಂಡ್ರಿಕ್ಸ್ ಸ್ವತಃ 1961–62ರಲ್ಲಿ ಅಮೆರಿಕದ ಸೇನೆಯಲ್ಲಿ, ವಿಮಾನದಿಂದ ಧುಮುಕುವ ಪಡೆಯಲ್ಲಿ ಇದ್ದವನು. ಹಾಡು ಶುರುವಾಗುವ ಮುಂಚೆ ಅಮೆರಿಕದ ನಗರಗಳಲ್ಲೇ ಹೋರಾಡುತ್ತಿರುವ ಸೈನಿಕರ ಹೆಸರು ಹೇಳಿ, ಆಮೇಲೆ ನೆನಪಾದವನಂತೆ ವಿಯೆಟ್ನಾಮಿನಲ್ಲಿರುವವರನ್ನೂ ಸೇರಿಸುತ್ತಾನೆ. ನಂತರ ಡ್ರಮ್ಮು ಗುಂಡಿನಂತೆ ಸಿಡಿಯುತ್ತದೆ, ಗಿಟಾರ್ ಚೀರುತ್ತದೆ. ಆ ಚೀರಾಟದಲ್ಲಿ ಬೇರೆ ಪೆಡಲ್‌ಗಳ ಜೊತೆ ಆಕ್ಟೇವಿಯಾದ ಪಾಲೂ ಇದೆ. ಯುದ್ಧನೌಕೆಯ ಸದ್ದಡಗಿಸಲು ಕಲಿತ ವಿದ್ಯೆ ಯುದ್ಧದ ಸದ್ದನ್ನು ಕೇಳಿಸಲು ಬಂತು. ಅದೇ ವರ್ಷ ಸೆಪ್ಟೆಂಬರ್ 18ರಂದು ಹೆಂಡ್ರಿಕ್ಸ್ ತೀರಿಕೊಂಡ, 27 ವರ್ಷ.

ಆಕ್ಟೇವಿಯಾ ಬಂದಮೇಲೆ ಇಂಥ ಪೆಟ್ಟಿಗೆಗಳು ಸಾಲುಗಟ್ಟಿದವು. ಜಪಾನಿನಿಂದ ಸೂಪರ್ ಫಝ್, ಅಮೆರಿಕದಲ್ಲಿ ಫಾಕ್ಸ್ ಟೋನ್ ಮೆಷಿನ್, 1970ರ ದಶಕದಲ್ಲಿ ಟೈಕೋಬ್ರಾಹೆ ಎಂಬ ಕ್ಯಾಲಿಫೋರ್ನಿಯಾದ ಕಂಪನಿ ತೆಗೆದ ಅದೇ ಹೆಸರಿನ ಆಕ್ಟೇವಿಯಾ. ವಿವರಕ್ಕೆ ಹೋಗುವುದಿಲ್ಲ. ಎಲ್ಲವೂ ಮೇಲಕ್ಕೆ ಹೋಗುವವೇ.

ಕೆಳಕ್ಕಿಳಿಯುವ ಕಥೆ ಬೇರೆ, ಅದು ಗಿಟಾರಿನಿಂದ ಶುರುವಾಗಲಿಲ್ಲ. 1965ರಲ್ಲಿ ಸೆಲ್ಮರ್ ಕಂಪನಿ ಸ್ಯಾಕ್ಸೊಫೋನಿಗೆ ವ್ಯಾರಿಟೋನ್ ಎಂಬ ಯಂತ್ರ ತಂದಿತು. ನಮ್ಮ ಕದ್ರಿ ಗೋಪಾಲನಾಥರ ಕೈಯಲ್ಲಿ ಕರ್ನಾಟಕ ಸಂಗೀತಕ್ಕೆ ಒಗ್ಗಿಕೊಂಡಿತಲ್ಲ, ಅದೇ ವಾದ್ಯ. ವ್ಯಾರಿಟೋನ್ ಹಾಕಿದರೆ ಊದಿದ ಸ್ವರದ ಜೊತೆ ಒಂದು ಸ್ಥಾಯಿ ಕೆಳಗಿನ ಸ್ವರವೂ ಬರುತ್ತಿತ್ತು. ಜಾಸ್ ವಾದಕ ಎಡ್ಡಿ ಹ್ಯಾರಿಸ್ ಇದನ್ನು ಚೆನ್ನಾಗಿ ಬಳಸಿಕೊಂಡ. ಗಿಟಾರಿಗೆ ಇಂಥದ್ದು ಬಂದದ್ದು ಆಮೇಲೆ.

ಅಲೆಯನ್ನು ದುಪ್ಪಟ್ಟು ಮಾಡಲು ಮಡಚಿದರಾಯಿತು. ಅರ್ಧ ಮಾಡುವುದು ಹೇಗೆ? ಒತ್ತುವ ಬಾಲ್ ಪೆನ್ನು ತೆಗೆದುಕೊಳ್ಳಿ. ಒಮ್ಮೆ ಒತ್ತಿದರೆ ಕಡ್ಡಿ ಹೊರಗೆ, ಇನ್ನೊಮ್ಮೆ ಒತ್ತಿದರೆ ಒಳಗೆ. ಬೆರಳು ಎರಡು ಸಲ ಕೆಲಸ ಮಾಡಿದಾಗ ಕಡ್ಡಿಯದು ಒಂದು ಸುತ್ತು. ಎಲೆಕ್ಟ್ರಾನಿಕ್ಸಿನಲ್ಲಿ ಇದೇ ಬುದ್ಧಿಯ ಬಿಡಿಭಾಗಕ್ಕೆ ಫ್ಲಿಪ್-ಫ್ಲಾಪ್ ಎನ್ನುತ್ತಾರೆ. ಗಿಟಾರಿನ ಎರಡು ಅಲೆ ಬಂದಾಗ ಇದು ಒಂದು ಅಲೆ ಬಿಡುತ್ತದೆ. ಗೋಡೆ ಗಡಿಯಾರದ ಒಳಗೂ ಇದೇ ನಡೆಯುತ್ತಿದೆ. ಅಲ್ಲಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸಿಗುವುದು ಒಂದು, ಅಂದರೆ ಸೆಕೆಂಡಿನ ಒಂದು ಟಿಕ್. ಸಂಗೀತದ ಮಾತಲ್ಲಿ ಹೇಳಿದರೆ ನಿಮ್ಮ ಗೋಡೆ ಗಡಿಯಾರ ಹದಿನೈದು ಸ್ಥಾಯಿ ಕೆಳಗಿಳಿಯುವ ಆಕ್ಟೇವ್ ಪೆಡಲ್.

ಇಂಥ ಪೆಡಲ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಜಪಾನಿನ ಬಾಸ್ ಕಂಪನಿಯ ಓಸಿ-2. 1982ರಲ್ಲಿ ಬಂತು. ಕಂದು ಬಣ್ಣದ ಡಬ್ಬಿ, ಒಳಗೆ ಮೀಟರ್ ಪರೀಕ್ಷಿಸುವ ಎಲೆಕ್ಟ್ರಿಷಿಯನ್ನರ ಬಳಿ ಇರುವಂಥ 9 ವೋಲ್ಟಿನ ಚೌಕ ಬ್ಯಾಟರಿ, ಮೇಲೆ ಮೂರು ತಿರುಗುಣಿ. ಒಂದು ಮೂಲ ದನಿಗೆ, ಒಂದು ಕೆಳಗಿನ ಸ್ಥಾಯಿಗೆ, ಇನ್ನೊಂದು ಅದಕ್ಕೂ ಕೆಳಗಿನದಕ್ಕೆ. ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಕಂಪನದ್ದು. ಅದನ್ನು ಅರ್ಧ ಮಾಡಿದರೆ 41. ಬೇಸ್ ಗಿಟಾರಿನ ಅತಿ ದಪ್ಪ ತಂತಿಯೂ ಸರಿಯಾಗಿ 41. ಅಂದಮೇಲೆ ಬೇಸ್ ನುಡಿಸುವವನ ಕೆಲಸಕ್ಕೆ ಕುತ್ತು ಬಂತೇ?

ಬರಲಿಲ್ಲ. ಮೊದಲ ಕಾರಣ, ಈ ಪೆಟ್ಟಿಗೆಯೂ ಒಂದು ಸಲಕ್ಕೆ ಒಂದೇ ಸ್ವರ ಬಲ್ಲದು. ಎರಡು ತಂತಿ ಒಟ್ಟಿಗೆ ಮೀಟಿದರೆ ಯಾವುದರ ಅಲೆ ಎಣಿಸಬೇಕೋ ತಿಳಿಯದೆ ಎರಡು ದೋಣಿಯಲ್ಲಿ ಕಾಲಿಟ್ಟವರಂತೆ ತೊದಲುತ್ತದೆ. ತಂತಿಯ ದನಿ ಸಾಯುತ್ತಾ ಬಂದಾಗ ಎಣಿಕೆ ತಪ್ಪಿ ಬಿಕ್ಕಳಿಸುತ್ತದೆ. ದಪ್ಪ ತಂತಿಯಲ್ಲಿ ಕಷ್ಟ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಒಂದೊಂದು ಅಲೆಯೂ ಉದ್ದ. ಯಂತ್ರ ಒಂದು ಅಲೆ ಪೂರ್ತಿ ನೋಡದೆ ಸ್ವರ ಯಾವುದೆಂದು ಹೇಳಲಾರದು. ಎರಡನೇ ಕಾರಣಕ್ಕೆ ಸ್ವಲ್ಪ ತಡೆದು ಬರುತ್ತೇವೆ.

ತೊದಲು ನಿಲ್ಲಿಸಿದ್ದು ಡಿಜಿಟಲ್ ಚಿಪ್. 1989ರಲ್ಲಿ ಡಿಜಿಟೆಕ್ ಕಂಪನಿಯ ವ್ಯಾಮಿ ಬಂತು. ಕೆಂಪು ಬಣ್ಣ, ಹೊಲಿಗೆ ಯಂತ್ರದ ಪಾದದಂತೆ ತುಳಿಯುವ ಹಲಗೆ. ತುಳಿದಂತೆಲ್ಲ ಸ್ವರ ಜಾರುತ್ತಾ ಮೇಲೇರಿ ಒಂದು ಸ್ಥಾಯಿ, ಎರಡು ಸ್ಥಾಯಿ ದಾಟುತ್ತದೆ. 2005ರಲ್ಲಿ ನ್ಯೂಯಾರ್ಕಿನ ಎಲೆಕ್ಟ್ರೊ-ಹಾರ್ಮೋನಿಕ್ಸ್ ಕಂಪನಿಯ ಪಾಗ್ ಬಂದು ಒಟ್ಟಿಗೆ ಎಷ್ಟು ತಂತಿ ಮೀಟಿದರೂ ಎಲ್ಲಕ್ಕೂ ಮೇಲಿನ, ಕೆಳಗಿನ ಸ್ಥಾಯಿ ಹಚ್ಚಿಕೊಟ್ಟಿತು. ಗಿಟಾರ್ ನುಡಿಸಿದರೆ ಚರ್ಚಿನ ಆರ್ಗನ್ ಕೇಳಿದಂತಾಯಿತು. ಹಳೆಯ ತೊದಲನ್ನೇ ಬಯಸಿ ಓಸಿ-2 ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ. ಮನುಷ್ಯ ಸ್ವಭಾವ.

ಇನ್ನು ನೀವು ಖಂಡಿತ ಕೇಳಿರುವ ದನಿಯ ಕಥೆ. ಫುಟ್‌ಬಾಲ್ ಮೈದಾನದಲ್ಲಿ ಸಾವಿರಾರು ಜನ ಪದವಿಲ್ಲದೆ 'ಓ... ಓ ಓ ಓ ಓ... ಓ... ಓ' ಎಂದು ಹಾಡುವುದನ್ನು ಟಿವಿಯಲ್ಲೋ ಫೋನಿನಲ್ಲೋ ಕೇಳಿರುತ್ತೀರಿ. ಅದು ಮೂಲದಲ್ಲಿ ಗಿಟಾರಿನ ಏಳು ಮೀಟು. ಹಾಡಿನ ಹೆಸರು 'ಸೆವೆನ್ ನೇಷನ್ ಆರ್ಮಿ'.

ಹಾಡಿದ್ದು ಅಮೆರಿಕದ ಡೆಟ್ರಾಯಿಟ್ ಊರಿನ ವೈಟ್ ಸ್ಟ್ರೈಪ್ಸ್. ತಂಡ ಅಂದರೆ ಇಬ್ಬರೇ. ಗಿಟಾರಿಗೆ, ಹಾಡಿಗೆ ಜ್ಯಾಕ್ ವೈಟ್, ಡ್ರಮ್ಮಿಗೆ ಮೆಗ್ ವೈಟ್. ಜ್ಯಾಕ್ ಮೊದಲು ಕುರ್ಚಿ-ಸೋಫಾಗಳಿಗೆ ಬಟ್ಟೆ ಹೊಲಿದು ಕೂರಿಸುವ ಕೆಲಸ ಮಾಡುತ್ತಿದ್ದವನು. ಬೇಸ್ ಗಿಟಾರ್ ತಂಡದಲ್ಲಿ ಇರಲೇ ಇಲ್ಲ, ಬೇಕೆಂದೇ ಇಟ್ಟುಕೊಂಡಿರಲಿಲ್ಲ. 2002ರ ಆರಂಭದಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಮೈಕು, ಗಿಟಾರ್ ಪರೀಕ್ಷೆ ಮಾಡುವಾಗ ಈ ಏಳು ಮೀಟು ಜ್ಯಾಕ್‌ನ ಬೆರಳಿಗೆ ಸಿಕ್ಕಿತು. ಅದೇ ವರ್ಷ ಲಂಡನ್ನಿನ ಟೋ ರ‍್ಯಾಗ್ ಎಂಬ ಪುಟ್ಟ ಸ್ಟುಡಿಯೋದಲ್ಲಿ, ಹಳೆಯ ಎಂಟು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಮುದ್ರಣವಾಯಿತು. ಹಾಡು ಶುರುವಾದಾಗ ಕೇಳುವ ಆ ಗುಡುಗಿನಂಥ ದನಿಯನ್ನು ಎಲ್ಲರೂ ಬೇಸ್ ಗಿಟಾರ್ ಎಂದುಕೊಂಡರು. ಅದು ಮಾಮೂಲಿ ಗಿಟಾರ್, ಕೆಂಪು ವ್ಯಾಮಿ ಪೆಡಲ್‌ನಿಂದ ಒಂದು ಸ್ಥಾಯಿ ಕೆಳಗಿಳಿಸಿದ್ದು.

'ಎಲಿಫೆಂಟ್' ಎಂಬ ಆ ಆಲ್ಬಮ್ 2003ರ ಏಪ್ರಿಲ್‌ನಲ್ಲಿ ಬಂತು. ಇದನ್ನು ಮಾಡುವಾಗ ಕಂಪ್ಯೂಟರ್ ಬಳಸಿಲ್ಲ ಎಂದು ಅದರ ಹೊದಿಕೆಯ ಮೇಲೆ ಹೆಮ್ಮೆಯಿಂದ ಬರೆದುಕೊಂಡಿದ್ದರು. ಅದರ ಅತಿ ಪ್ರಸಿದ್ಧ ದನಿ ಹೊರಟಿದ್ದು ಮಾತ್ರ ಡಿಜಿಟಲ್ ಚಿಪ್ಪಿನಿಂದ! ಇದನ್ನು ಮೋಸ ಅನ್ನಬೇಕೇ ಎಂದು ನಮ್ಮ ಬಳಗದಲ್ಲೇ ವಾದವಾಯಿತು. ಕಾಲಡಿಯ ಡಬ್ಬಿ ವಾದ್ಯದ ಭಾಗ, ಕಂಪ್ಯೂಟರ್ ಅಲ್ಲ ಎಂಬ ಪಕ್ಷ ಗೆದ್ದಿತು, ಆದರೆ ಅಲ್ಪ ಬಹುಮತದಿಂದ.

2003ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ ತಂಡದ ಅಭಿಮಾನಿಗಳು ಎ.ಸಿ. ಮಿಲಾನ್ ಜೊತೆಗಿನ ಪಂದ್ಯ ನೋಡಲು ಇಟಲಿಗೆ ಹೋಗಿದ್ದರು. ಮಿಲಾನಿನ ಬಾರ್ ಒಂದರಲ್ಲಿ ಈ ಹಾಡು ಕೇಳಿ, ತಾವೂ ಗುನುಗುತ್ತಾ ಮೈದಾನಕ್ಕೆ ಹೋದರು. ಬ್ರೂಗ 1–0ಯಿಂದ ಗೆದ್ದಿತು. ಗೆದ್ದಮೇಲೆ ಬಿಡುತ್ತಾರೆಯೇ, ಅದು ಅವರ ಮಂತ್ರವಾಯಿತು. 2006ರಲ್ಲಿ ಬ್ರೂಗದ ಮೈದಾನಕ್ಕೆ ಆಡಲು ಹೋದ ರೋಮಾ ತಂಡದವರು ಇದನ್ನು ಕೇಳಿಕೊಂಡು ಇಟಲಿಗೆ ಮರಳಿ ತಂದರು. ಅದೇ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಬೀದಿ ಬೀದಿಯಲ್ಲಿ ಇದೇ ದನಿ. ಅಲ್ಲಿ ಯಾರ ಕಾಲಡಿಯಲ್ಲೂ ಪೆಡಲ್ ಇರಲಿಲ್ಲ. ಅಪ್ಪಂದಿರು ಕೆಳಗಿನ ಸ್ಥಾಯಿ, ಮಕ್ಕಳು ಮೇಲಿನದು, ನಮ್ಮ ಭಜನೆಯ ಹಾಗೆಯೇ.

ಈಗ ಬಾಕಿ ಉಳಿಸಿದ್ದ ಎರಡನೇ ಕಾರಣ. ಪೆಡಲ್ ಕೊಡುವ ಕೆಳದನಿ ಮೇಲಿನ ಸ್ವರ ಹೋದಲ್ಲೇ ಹೋಗುತ್ತದೆ. ಅದು ನೆರಳು. ಬೇಸ್ ನುಡಿಸುವವನು ನೆರಳಲ್ಲ, ಜೊತೆಗಾರ. ಗಿಟಾರ್ ಮೇಲೆ ಅಲೆದಾಡುವಾಗ ಆತ ಕೆಳಗೆ ಸ ಬಿಡದೆ ನಿಲ್ಲಬಲ್ಲ, ಎದುರು ದಿಕ್ಕಿಗೆ ನಡೆಯಬಲ್ಲ, ಬೇಕಾದಲ್ಲಿ ಸುಮ್ಮನಾಗಬಲ್ಲ. ಜ್ಯಾಕ್ ವೈಟ್ ಇದನ್ನು ಬಲ್ಲವನು, ಅದಕ್ಕೇ ಒಂದೇ ಸಾಲಿನ ಸರಳ ಮೀಟಿಗೆ ಮಾತ್ರ ನೆರಳು ಹಚ್ಚಿದ. ಇಂಗ್ಲೆಂಡಿನ ರಾಯಲ್ ಬ್ಲಡ್ ಎಂಬ ಇನ್ನೊಂದು ಇಬ್ಬರ ತಂಡ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ಇರುವುದು ಬೇಸ್ ಗಿಟಾರ್, ಇಲ್ಲದಿರುವುದು ಗಿಟಾರ್. ಬೇಸಿನ ದನಿಯನ್ನೇ ಮೇಲಕ್ಕೆತ್ತಿ ಗಿಟಾರಿನಂತೆ ಕೇಳಿಸುತ್ತಾರೆ. ಕುತ್ತು ಯಾರಿಗೆ ಬಂತು ಹೇಳಿ!

ಕೇಳಿ ನೋಡುವವರಿಗೆ ಒಂದು ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅಷ್ಟು ಸಣ್ಣ ಸ್ಪೀಕರಿಗೆ 41 ಕಂಪನದ ದನಿ ಹೊರಡಿಸುವ ಶಕ್ತಿ ಇಲ್ಲ, ಮೇಲಿನ ಪದರಗಳಿಂದ ನಮ್ಮ ಮಿದುಳೇ ಊಹಿಸಿಕೊಳ್ಳುತ್ತದೆ. ಇಯರ್‌ಫೋನ್ ಹಾಕಿ. ಮೊದಲು 'ಪರ್ಪಲ್ ಹೇಜ್', ಆಮೇಲೆ 'ಸೆವೆನ್ ನೇಷನ್ ಆರ್ಮಿ'. ಬಿಡುವಿದ್ದಾಗ 'ಮೆಷಿನ್ ಗನ್', ಅದು ಹನ್ನೆರಡು ನಿಮಿಷಕ್ಕೂ ಉದ್ದ. ಚೀರುವ ಗಿಟಾರಿನ ಕೆಳಗೆ ಅಲುಗಾಡದೆ ಒಂದೇ ಕಡೆ ಸುತ್ತುತ್ತಿರುವ ದಪ್ಪ ದನಿಯೊಂದು ಕೇಳುತ್ತದೆ. ಅದು ಪೆಡಲ್ ಅಲ್ಲ, ಬಿಲ್ಲಿ ಕಾಕ್ಸ್ ಎಂಬ ಬೇಸ್ ವಾದಕ. ಹೆಂಡ್ರಿಕ್ಸ್ ಸೇನೆಯಲ್ಲಿದ್ದಾಗ ಸಿಕ್ಕ ಗೆಳೆಯ.